ಶಿರಸಿಯ ತೋಟದ ಮನೆಯಿಂದ ಅಫಿಲಿಯೇಟ್ ಜಾಲ ಆರಿಸಿದ್ದು ಹೀಗೆ

ಶಿರಸಿ ಪೇಟೆಯಿಂದ ಹನ್ನೆರಡು ಕಿಲೋಮೀಟರ್ ಒಳಗಿರುವ ನಮ್ಮ ತೋಟದ ಮನೆಯಲ್ಲಿ ಕುಳಿತು ನಾನು ಒಂದು ಕನ್ನಡ ಜಾಲತಾಣ ನಡೆಸುತ್ತೇನೆ. ಅಡಿಕೆ ತೋಟಕ್ಕೆ ಬೇಕಾಗುವ ಸಲಕರಣೆಗಳೇ ಅದರ ವಿಷಯ: ಕಳೆ ಕೊಚ್ಚುವ ಯಂತ್ರ, ಕಾಯಿ ಉದುರಿಸುವ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಪಂಪ್, ನೆಲದಲ್ಲೇ ನಿಂತು ಗೊನೆ ಕೊಯ್ಯುವ ಉದ್ದ ಕೋಲಾದ ಕಾರ್ಬನ್ ಫೈಬರ್ ದೋಟಿ, ಅಡಿಕೆ ಸುಲಿಯುವ ಯಂತ್ರ, ಮಳೆಗಾಲದ ಗಂಬೂಟು, ತಲೆಗೆ ಕಟ್ಟುವ ಟಾರ್ಚ್. ನಾನೇ ಬಳಸಿದ್ದನ್ನು, ಇಲ್ಲವೇ ಬಳಸಿದವರ ತೋಟಕ್ಕೆ ಹೋಗಿ ಕಣ್ಣಾರೆ ಕಂಡದ್ದನ್ನು ಮಾತ್ರ ಬರೆಯುತ್ತೇನೆ. ಓದುಗರಲ್ಲಿ ಹೆಚ್ಚಿನವರು ಶಿರಸಿ, ಸಿದ್ದಾಪುರ, ಯಲ್ಲಾಪುರದ ಬೆಳೆಗಾರರು. ಎರಡು ವರ್ಷ ಕೈಯಿಂದ ಹಣ ಹಾಕಿದ ಮೇಲೆ, ಜಾಲತಾಣದ ಖರ್ಚಾದರೂ ಹುಟ್ಟಲಿ ಎಂದು ಅಫಿಲಿಯೇಟ್ ಲಿಂಕ್‌ಗಳ ಕಡೆಗೆ ತಿರುಗಿದೆ.

ವ್ಯವಸ್ಥೆ ಸರಳ. ನನ್ನ ಪುಟದ ಲಿಂಕ್ ಒತ್ತಿ ಓದುಗರು ಅಂಗಡಿಗೆ ಹೋದಾಗ ನನ್ನ ಗುರುತು ಅವರ ಬ್ರೌಸರ್‌ನಲ್ಲಿ ಕುಕಿಯಾಗಿ, ಅಂದರೆ ಒಂದು ಸಣ್ಣ ದಾಖಲೆಯಾಗಿ, ಕೂರುತ್ತದೆ. ನಿಗದಿತ ಅವಧಿಯೊಳಗೆ ಅವರು ಕೊಂಡರೆ ಅಂಗಡಿ ನನಗೆ ಕಮಿಷನ್ ಕೊಡುತ್ತದೆ. 1996ರಲ್ಲಿ ಶುರುವಾದ ಅಮೆಜಾನ್ ಅಸೋಸಿಯೇಟ್ಸ್‌ನಂತೆ ಅಂಗಡಿಯೇ ನಡೆಸುವ ಯೋಜನೆಗಳು ಒಂದು ಬಗೆ. ಕ್ಯೂಲಿಂಕ್ಸ್, ಅಡ್ಮಿಟಾಡ್, ಅವಿನ್, ಸಿಜೆಯಂತೆ ಹಲವು ಅಂಗಡಿಗಳಿಗೂ ನಮಗೂ ನಡುವೆ ನಿಲ್ಲುವ ಜಾಲಗಳು ಇನ್ನೊಂದು ಬಗೆ.

ನಾನು ಮೊದಲು ನೋಡಿದ್ದು ಶೇಕಡಾವಾರನ್ನು. ಅದೇ ತಪ್ಪಾಯಿತು. ಹೆಸರು ಹೇಳಲು ಇಷ್ಟಪಡದ ಒಂದು ಜಾಲ ಕೃಷಿ ಉಪಕರಣಗಳಿಗೆ ಶೇ 12 ಕೊಡುತ್ತೇನೆ ಎಂದಿತ್ತು. ಮೇ ತಿಂಗಳಲ್ಲಿ, ಮಳೆಗಾಲದ ತಯಾರಿಯ ಹೊತ್ತಿಗೆ, ಎಲ್ಲ ಪುಟಗಳಿಗೂ ಅದರ ಲಿಂಕ್ ಹಾಕಿದೆ. ಆರ್ಡರುಗಳು ಬಂದವು, ವರದಿಯಲ್ಲಿ ‘ಬಾಕಿ’ ಎಂಬ ಕಾಲಂ ತುಂಬುತ್ತ ಹೋಯಿತು. ನಾಲ್ಕು ತಿಂಗಳ ನಂತರ ಅದರಲ್ಲಿ ಮುಕ್ಕಾಲು ಪಾಲು ‘ತಿರಸ್ಕೃತ’ ಎಂದಾಯಿತು. ಕಾರಣದ ಜಾಗ ಖಾಲಿ. ಮೂರು ಬಾರಿ ಬರೆದೆ, ಒಂದಕ್ಕೂ ಉತ್ತರವಿಲ್ಲ. ಉಳಿದ ಹಣ ಕನಿಷ್ಠ ಪಾವತಿ ಮೊತ್ತವನ್ನು ಮುಟ್ಟದ ಕಾರಣ ಒಂದು ರೂಪಾಯಿಯೂ ಖಾತೆಗೆ ಬರಲಿಲ್ಲ. ಹಣಕ್ಕಿಂತ ಹೆಚ್ಚು ನೋವಾದದ್ದು ಬೇರೆ ವಿಷಯಕ್ಕೆ. ನನ್ನ ಮಾತು ನಂಬಿ ಪಂಪ್ ತರಿಸಿದ ಇಬ್ಬರಿಗೆ ಅಂಗಡಿ ಬಿಡಿಭಾಗ ಕೊಡಲಿಲ್ಲ. ಕೊಳೆ ರೋಗದ ದಿನಗಳಲ್ಲಿ ಪಂಪ್ ನಿಂತರೆ ಏನಾಗುತ್ತದೆ ಎಂದು ತೋಟ ಇರುವವರಿಗೆ ಹೇಳಬೇಕಾಗಿಲ್ಲ. ಅವರಿಬ್ಬರ ಮನೆಗೂ ಹೋಗಿ ಕ್ಷಮೆ ಕೇಳಿದೆ, ಅದೇ ರಾತ್ರಿ ಎಲ್ಲ ಲಿಂಕ್ ತೆಗೆದೆ.

ಆ ಬೇಸರದಲ್ಲಿದ್ದಾಗ ಅಪ್ಪಯ್ಯ ಅಡಿಕೆ ಮಾರಿದ ಪಟ್ಟಿಯನ್ನು ಮುಂದಿಟ್ಟುಕೊಂಡು ಲೆಕ್ಕ ನೋಡುತ್ತಿದ್ದರು. ಬೆಳೆಗಾರರ ಸಹಕಾರಿ ಸಂಘದಲ್ಲಿ ಟೆಂಡರಿಗೆ ಹಾಕಿದ ಚಾಲಿಗೆ (ಒಣಗಿಸಿ ಸುಲಿದ ಅಡಿಕೆಗೆ) ತೂಕ ಎಷ್ಟು, ದರ ಎಷ್ಟು, ಹಮಾಲಿ ಎಷ್ಟು, ಏನೇನು ಕಡಿತ, ಕೈಗೆಷ್ಟು ಎಂಬುದೆಲ್ಲ ಆ ಒಂದು ಹಾಳೆಯಲ್ಲಿದೆ. ಬೇರೆ ವಖಾರಿಯವರು, ಅಂದರೆ ಖಾಸಗಿ ಅಡಿಕೆ ವ್ಯಾಪಾರಿಗಳು, ಕ್ವಿಂಟಲಿಗೆ ಇನ್ನೂರು ರೂಪಾಯಿ ಹೆಚ್ಚು ಹೇಳಿದರೂ ಅಪ್ಪಯ್ಯ ಸಂಘ ಬಿಟ್ಟವರಲ್ಲ. ಅಫಿಲಿಯೇಟ್ ಜಾಲದಲ್ಲೂ ನಾನು ಹುಡುಕಬೇಕಾದದ್ದು ಇಂಥ ಪಟ್ಟಿಯನ್ನೇ ಎಂದು ಆಗ ಹೊಳೆಯಿತು. ಯಾವ ಆರ್ಡರ್, ಯಾವ ದಿನ, ಎಷ್ಟು ಕಮಿಷನ್, ರದ್ದಾದರೆ ಏಕೆ, ಹಣ ಯಾವಾಗ: ಇಷ್ಟನ್ನು ತೋರಿಸದ ಜಾಲಕ್ಕೆ ಶೇ 20 ಇದ್ದರೂ ನಾನು ಸೇರುವುದಿಲ್ಲ.

ಎರಡನೆಯ ಸಲ ಕಾಗದ, ಪೆನ್ನು ಹಿಡಿದು ಕುಳಿತೆ. ನನ್ನ ಓದುಗರು ವಸ್ತುವನ್ನು ಹೇಗೆ ಕೊಳ್ಳುತ್ತಾರೆ ಎಂಬುದರಿಂದ ಶುರು ಮಾಡಿದೆ. ಗಂಬೂಟು, ಟಾರ್ಚ್, ಕೈಗವಸುಗಳನ್ನು ಓದಿದ ದಿನವೇ ತರಿಸುತ್ತಾರೆ. ಕಳೆ ಯಂತ್ರದ ವಿಷಯ ಹಾಗಲ್ಲ. ಲೇಖನ ಓದುತ್ತಾರೆ, ಪಕ್ಕದ ಮನೆಯವರನ್ನು ಕೇಳುತ್ತಾರೆ, ಪೇಟೆಗೆ ಹೋದಾಗ ಕೈಯಲ್ಲಿ ಎತ್ತಿ ನೋಡುತ್ತಾರೆ, ಅಡಿಕೆ ಮಾರಿದ ಮೇಲೆ ಕೊಳ್ಳುತ್ತಾರೆ. ಇಷ್ಟಕ್ಕೆ ಮೂರು ವಾರವಾದರೂ ಬೇಕು. ಅಮೆಜಾನಿನ ಕುಕಿ 24 ಗಂಟೆ ಮಾತ್ರ ಇರುತ್ತದೆ. ಅಷ್ಟರೊಳಗೆ ಕಾರ್ಟಿಗೆ ಹಾಕಿಟ್ಟರೆ ಅವಧಿ ಉದ್ದವಾಗುತ್ತದೆ, ಆದರೆ ನಮ್ಮ ರೈತರು ಕಾರ್ಟಿಗೆ ಹಾಕಿ ಕಾಯುವವರಲ್ಲ. ಆದ್ದರಿಂದ ಸಣ್ಣ ವಸ್ತುಗಳಿಗೆ ಅಮೆಜಾನ್ ಲಿಂಕ್ ಇಟ್ಟೆ. ದೊಡ್ಡ ಯಂತ್ರಗಳಿಗೆ 30 ದಿನದ ಕುಕಿ ಕೊಡುವ, ಬಿಡಿಭಾಗವನ್ನೂ ಮಾರುವ ಅಂಗಡಿಗಳು ಇರುವ ಒಂದು ಭಾರತೀಯ ಜಾಲ ಹಿಡಿದೆ. ಒಂದೇ ಜಾಲದಲ್ಲಿ ಎಲ್ಲವೂ ಆಗಬೇಕು ಎಂಬ ಹಟ ಬಿಟ್ಟದ್ದೇ ದೊಡ್ಡ ಲಾಭ.

ಪಿನ್‌ಕೋಡ್ ಪರೀಕ್ಷೆಯನ್ನು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ, ಈಗ ನಾನು ಎಲ್ಲರಿಗೂ ಹೇಳುತ್ತೇನೆ. ಜಾಲಕ್ಕೆ ಅರ್ಜಿ ಹಾಕುವ ಮೊದಲು ಅದರಲ್ಲಿರುವ ಅಂಗಡಿಗಳನ್ನು ತೆರೆದು, ಘಟ್ಟದ ಮೇಲಿನ ನಾಲ್ಕು, ಅಂಕೋಲಾ–ಕುಮಟಾ ಕಡೆಯ ಎರಡು ಪಿನ್‌ಕೋಡ್ ಹಾಕಿ ನೋಡಿದೆ. ಭಾರವಾದ ಯಂತ್ರಗಳು ಶಿರಸಿ ಪೇಟೆಗೆ ಬರುತ್ತವೆ, ಹಳ್ಳಿಗೆ ಬರುವುದಿಲ್ಲ ಎಂದು ಹಲವು ಅಂಗಡಿಗಳು ಅಲ್ಲೇ ತೋರಿಸಿದವು. ತಲುಪಿಸದ ಅಂಗಡಿಯ ಲಿಂಕ್ ಇಟ್ಟು ಏನು ಪ್ರಯೋಜನ? ಹೊರದೇಶದ ಜಾಲಗಳನ್ನು ಕೈಬಿಟ್ಟದ್ದೂ ಇದೇ ಕಾರಣಕ್ಕೆ.

ಇನ್ನೊಂದು ಪರೀಕ್ಷೆ ಮೊಬೈಲಿನದು. ನನ್ನ ಓದುಗರೆಲ್ಲ ಮೊಬೈಲಿನವರು. ಲಿಂಕ್ ಒತ್ತಿದಾಗ ಅಂಗಡಿಯ ಆ್ಯಪ್ ತೆರೆದುಕೊಳ್ಳುತ್ತದೆ, ಆ್ಯಪಿನೊಳಗಿನ ಖರೀದಿಯನ್ನು ಜಾಲ ಲೆಕ್ಕಕ್ಕೆ ಹಿಡಿಯದಿದ್ದರೆ ನಮ್ಮ ಗುರುತು ಅಲ್ಲಿಗೇ ಅಳಿಯುತ್ತದೆ. ಸೇರುವ ಮೊದಲೇ ಇದನ್ನು ಬರವಣಿಗೆಯಲ್ಲಿ ಕೇಳಬೇಕು. ಸ್ವಂತ ಲಿಂಕಿನಿಂದ ತಾನೇ ಕೊಂಡು ಪರೀಕ್ಷಿಸಲು ಹೋಗಬೇಡಿ. ಅಮೆಜಾನ್ ಅದನ್ನು ಒಪ್ಪುವುದಿಲ್ಲ. ಬೆಲೆಯನ್ನು ನಮ್ಮ ಪುಟದಲ್ಲಿ ಕೈಯಾರೆ ಬರೆದಿಡುವುದಕ್ಕೂ ಅಲ್ಲಿ ಅವಕಾಶವಿಲ್ಲ. ಸೇರಿದ 180 ದಿನಗಳೊಳಗೆ ಮೂರು ಅರ್ಹ ಮಾರಾಟ ಆಗದಿದ್ದರೆ ಖಾತೆ ಮುಚ್ಚುತ್ತದೆ. ಹಾಗಾಗಿ ಓದುಗರು ಬರುವ ಮೊದಲೇ ಅವಸರದಿಂದ ಅರ್ಜಿ ಹಾಕುವುದು ಬೇಡ.

ತೆರಿಗೆಯ ವಿಷಯದಲ್ಲಿ ಕೃಷಿಕರಿಗೆ ಒಂದು ಗೊಂದಲವಿದೆ. ಅಡಿಕೆಯ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲವೆಂದು ಈ ಕಮಿಷನ್ನನ್ನೂ ಅದರೊಳಗೆ ಸೇರಿಸುವಂತಿಲ್ಲ, ಇದು ಬೇರೆಯೇ ಆದಾಯ. ಕಮಿಷನ್ ಕೊಡುವಾಗಲೇ ಹಿಡಿದುಕೊಳ್ಳುವ ತೆರಿಗೆ (ಟಿಡಿಎಸ್) 2024ರ ಅಕ್ಟೋಬರ್‌ನಲ್ಲಿ ಶೇ 5ರಿಂದ ಶೇ 2ಕ್ಕೆ ಇಳಿಯಿತು. ಪ್ಯಾನ್ ಕೊಡದಿದ್ದರೆ ಶೇ 20 ಕಡಿತವಾಗುತ್ತದೆ. ಕಡಿದುಕೊಂಡೆವು ಎಂದು ಜಾಲ ಹೇಳಿದ ಹಣ ಆದಾಯ ತೆರಿಗೆ ಇಲಾಖೆಯ ತಾಣದಲ್ಲಿ ನಮ್ಮ ಹೆಸರಿಗಿರುವ ತೆರಿಗೆ ಕಡಿತದ ಪಟ್ಟಿಯಲ್ಲಿ ಕಾಣಿಸುತ್ತದೆಯೇ ಎಂದು ನೋಡಿ. ಜಾಲದ ಪ್ರಾಮಾಣಿಕತೆಗೆ ಅದೂ ಒಂದು ಒರೆಗಲ್ಲು.

ಲಿಂಕ್ ಹಾಕಿದ ಮೊದಲ ವಾರ ಕೇರಿಯ ಹಿರಿಯರೊಬ್ಬರು ಫೋನ್ ಮಾಡಿ, ‘ತಮ್ಮಾ, ನೀನು ಬರೆದ ಯಂತ್ರ ಕೊಂಡರೆ ನಿನಗೆ ದಲಾಲಿ ಸಿಗುತ್ತದೆಯೇ?’ ಎಂದು ಕೇಳಿದರು. ‘ಹೌದು ದೊಡ್ಡಪ್ಪ, ಸಿಗುತ್ತದೆ. ನಿಮಗೆ ಬೆಲೆಯೇನೂ ಹೆಚ್ಚಾಗುವುದಿಲ್ಲ’ ಎಂದೆ. ‘ಹಾಗಾದರೆ ಅದನ್ನು ಮೊದಲೇ ಬರೆ’ ಎಂದರು. ಅಂಥ ಸಂಬಂಧವನ್ನು ಎದ್ದು ಕಾಣುವಂತೆ ತಿಳಿಸಬೇಕೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿದೆ. ಆದರೆ ನಾನು ಬರೆದದ್ದು ದೊಡ್ಡಪ್ಪನ ಮಾತಿಗೆ. ಈಗ ಪ್ರತಿ ಲೇಖನದ ಮೊದಲ ಸಾಲು ಅದೇ, ಕನ್ನಡದಲ್ಲಿ, ‘ದಲಾಲಿ’ ಎಂಬ ಪದವನ್ನೇ ಬಳಸಿ. ಲಿಂಕ್‌ಗಳಿಗೆ ‘ಸ್ಪಾನ್ಸರ್ಡ್’ ಎಂಬ ಗುರುತನ್ನೂ ಹಾಕುತ್ತೇನೆ. ಇದು ಹಣ ಸಿಗುವ ಲಿಂಕ್ ಎಂದು ಹುಡುಕು ತಾಣಕ್ಕೆ ತಿಳಿಸಲು ಗೂಗಲ್ 2019ರಲ್ಲಿ ತಂದ ಗುರುತು ಅದು.

ಈಗಿನ ಎರಡು ವ್ಯವಸ್ಥೆಗಳಿಂದ ಜಾಲತಾಣದ ಖರ್ಚು ಹುಟ್ಟುತ್ತಿದೆ, ಸ್ವಲ್ಪ ಉಳಿಯುತ್ತಲೂ ಇದೆ. ದೋಟಿ ಮಾರುವ ಕಂಪನಿಯೊಂದು ಕಳೆದ ವಾರ ನೇರವಾಗಿ ಸಂಪರ್ಕಿಸಿ, ಉಳಿದವರಿಗಿಂತ ಹೆಚ್ಚು ಕಮಿಷನ್ ಕೊಡುವುದಾಗಿ ಹೇಳಿದೆ. ಆರ್ಡರ್ ರದ್ದಾದರೆ ಕಾರಣ ತಿಳಿಸುವಿರಾ, ದೋಟಿ ಮುರಿದರೆ ತುಂಡನ್ನು ಮಾತ್ರ ಬಿಡಿಯಾಗಿ ಕೊಡುವಿರಾ, ಹಳ್ಳಿಗೆ ತಲುಪಿಸುವಿರಾ ಎಂದು ಬರೆದು ಕೇಳಿದ್ದೇನೆ. ಅಡಿಕೆ ಗೊನೆ ಕೊಯ್ಯುವ ನಮ್ಮ ಕೊನೆಗೌಡರ ಕೈಗೆ ಒಂದು ದೋಟಿ ಕೊಟ್ಟು ನೋಡುವುದೂ ಬಾಕಿಯಿದೆ. ಅಲ್ಲಿಯವರೆಗೆ ಆ ಪುಟದಲ್ಲಿ ಲಿಂಕ್ ಇರುವುದಿಲ್ಲ.