ಅರಳಿ ಎಲೆ ಸುರುಟಿಕೊಳ್ಳದಂತೆ ಮಾಡಿದ್ದು

ಅರಳಿ ಎಲೆ, ಗುಲಗಂಜಿಗಳಿಂದ ಸ್ಟಾಪ್ ಮೋಷನ್ ಚಿತ್ರ (ವಸ್ತುವನ್ನು ಚೂರುಚೂರೇ ಸರಿಸಿ, ಒಂದೊಂದೇ ಫೋಟೊ ತೆಗೆದು, ಜೋಡಿಸಿ ಓಡಿಸುವ ಚಿತ್ರ) ಮಾಡುವಾಗ ದೀಪದ ಕಾವಿಗೆ ಹಸಿ ಎಲೆಯ ಅಂಚು ಸುರುಟಿಕೊಳ್ಳುತ್ತಿತ್ತು; ಓಡಿಸಿ ನೋಡಿದರೆ ಎಲೆ ನಡೆಯುವ ಬದಲು ನಡುಗುತ್ತಿತ್ತು. ಎಲೆಗಳನ್ನು ಹಳೆಯ ಪತ್ರಿಕೆಗಳ ನಡುವೆ ಇಟ್ಟು, ಮೇಲೆ ದಪ್ಪ ಪುಸ್ತಕ ಹೇರಿ, ಪೂರ್ತಿ ಒಣಗಿಸಿದೆ. ಬಣ್ಣ ಮಾಸಿತು, ಆದರೆ ನರಗಳು ಎದ್ದು ಕಂಡವು, ನನಗದೇ ಇಷ್ಟ.

ಒಂದೇ ಎಲೆಯನ್ನು ಸರಿಸುವುದನ್ನೂ ಬಿಟ್ಟೆ. ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿಟ್ಟ ಬೇರೆ ಬೇರೆ ಎಲೆಗಳನ್ನು, ತೊಟ್ಟು ಒಂದೇ ಗುರುತಿಗೆ ಬರುವಂತೆ ಬದಲಿಸುತ್ತಾ ಹೋದೆ. ಸೆಕೆಂಡಿಗೆ 12 ಚಿತ್ರಗಳ ವೇಗದಲ್ಲಿ ಎಲೆ ಕಣ್ಣೆದುರೇ ಬೆಳೆಯಿತು! ಉರುಳುವ ಗುಲಗಂಜಿಯ ಅಡಿಗೆ ಸಾಸಿವೆಯಷ್ಟು ಜೇನುಮೇಣ ಸಾಕು. (ಗುಲಗಂಜಿ ಬೀಜ ವಿಷ, ಮಕ್ಕಳ ಕೈಗೆ ಬೇಡ.)

ಬೆಳಕಿನ ಮಿನುಗಾಟಕ್ಕೆ ಕಿಟಕಿ ಮುಚ್ಚಿ, ಕ್ಯಾಮೆರಾ ಬೆಳಕಿನ ಪ್ರಮಾಣವನ್ನು ತಾನೇ ಬದಲಿಸದಂತೆ ಎಕ್ಸ್‌ಪೋಷರ್ ಲಾಕ್ ಮಾಡಿ, ಶಟರನ್ನು 1/50 ಸೆಕೆಂಡಿಗೆ ನಿಲ್ಲಿಸಿದೆ. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು, ಅಂದರೆ ಸೆಕೆಂಡಿಗೆ 50 ಆವರ್ತ; ದೀಪ ಅದರ ಲಯಕ್ಕೇ ಮಿನುಗುವುದರಿಂದ ಶಟರ್ ಅದಕ್ಕೆ ಹೊಂದಿದರೆ ಪ್ರತಿ ಚಿತ್ರಕ್ಕೂ ಒಂದೇ ಬೆಳಕು.