ಅರ್ಧ ಚಂದ್ರಿಕೆಯ ಫೋಟೋ

ಗಣಿತದ ಪಾಠವನ್ನು ಒಂದು ಫೋಟೋ ತೋರಿಸಿ ಶುರು ಮಾಡುತ್ತೇನೆ, ಅದಕ್ಕೇ ನಮ್ಮ ಶಾಲೆಯಲ್ಲಿ ನನಗೆ "ಫೋಟೋ ಮೇಷ್ಟ್ರು" ಅಂತ ಹೆಸರು ಬಿದ್ದು ಏಳೆಂಟು ವರ್ಷ ಆಯಿತು. ಮೊದಲ ಮೂರು ವರ್ಷ ಅದು ಬರೀ ಗೇಲಿ. ಈಗ ಗೇಲಿ ಮಾಡಿದವರೇ ವಾಟ್ಸಾಪ್‌ನಲ್ಲಿ "ಸಾರ್, ಆ ಚಂದ್ರಿಕೆ ಫೋಟೋ ಕಳಿಸ್ತೀರಾ" ಅಂತ ಕೇಳುತ್ತಾರೆ. ಚಂದ್ರಿಕೆ ಅಂದರೆ ರೇಷ್ಮೆ ಹುಳು ಗೂಡು ಕಟ್ಟುವ ಬಿದಿರಿನ ತಟ್ಟಿ. ಕಳಿಸುತ್ತೇನೆ. ಮರುದಿನ "ಏನೂ ಆಗಲಿಲ್ಲ ಸಾರ್, ಮಕ್ಕಳು ಸುಮ್ನೆ ನೋಡ್ತಾ ಕೂತಿದ್ರು" ಅಂತ ಮೆಸೇಜ್ ಬರುತ್ತೆ. ಒಬ್ಬೊಬ್ಬರಿಗೂ ಫೋನಿನಲ್ಲಿ ವಿವರಿಸಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

ನನ್ನದು ಶಿಡ್ಲಘಟ್ಟ ಕಡೆಯ ಸರ್ಕಾರಿ ಪ್ರೌಢಶಾಲೆ. ಅರ್ಧಕ್ಕಿಂತ ಜಾಸ್ತಿ ಮಕ್ಕಳ ಮನೆಯಲ್ಲಿ ರೇಷ್ಮೆ. ಹುಳು ಹಣ್ಣಾದ ದಿನ, ಅಂದರೆ ಗೂಡು ಕಟ್ಟಲು ತಯಾರಾದ ದಿನ, ಕ್ಲಾಸು ಖಾಲಿ, ಕೇಳುವ ಹಾಗೂ ಇಲ್ಲ. ಬಂದ ದಿನವಾದರೂ ಏನು? ನಾನು ಕೇಳೋದು, ಮುಂದಿನ ಬೆಂಚಿನ ಮೂವರು ಹೇಳೋದು, ಉಳಿದ ನಲವತ್ತು ಜನ ಬರೆದುಕೊಳ್ಳೋದು. ಮಕ್ಕಳು ತಾವಾಗಿ ಕೇಳುತ್ತಿದ್ದ ಪ್ರಶ್ನೆ ಒಂದೇ: "ಸಾರ್, ಇದು ಪರೀಕ್ಷೆಗೆ ಬರುತ್ತಾ?"

ಚಿತ್ರ ತೋರಿಸಿ ಪಾಠ ಶುರು ಮಾಡೋದು ನಾನು ಕಂಡುಹಿಡಿದದ್ದೇನೂ ಅಲ್ಲ. ಅಮೆರಿಕದ ಗಣಿತ ಮೇಷ್ಟ್ರು ಡ್ಯಾನ್ ಮೇಯರ್ ಟ್ಯಾಂಕಿಗೆ ನೀರು ತುಂಬುವ ವಿಡಿಯೋ ತೋರಿಸಿ ಮಕ್ಕಳಿಂದಲೇ ಪ್ರಶ್ನೆ ಹೊರಡಿಸಿದ್ದು ನಿಮ್ಮಲ್ಲಿ ಹಲವರಿಗೆ ಗೊತ್ತು. ನಾನೂ ನೋಡಿದೆ, ಹುರುಪು ಬಂತು, ಮಾಡಲು ಹೋದೆ. ಸೋತೆ.

ಮೊದಲು ಸೋತದ್ದು ಪಿಜ್ಜಾದಿಂದ. ಭಿನ್ನರಾಶಿಗೆ ಇಂಟರ್ನೆಟ್ಟಿನಿಂದ ಪಿಜ್ಜಾ ಚಿತ್ರ ಇಳಿಸಿ ತೋರಿಸಿದೆ. ಮಕ್ಕಳಿಗೆ ಭಿನ್ನರಾಶಿಗಿಂತ ಪಿಜ್ಜಾದ ರೇಟಿನ ಮೇಲೆ ಆಸಕ್ತಿ. ಆಮೇಲೆ ಸೂರ್ಯಕಾಂತಿ, ಶಂಖ, ದೇವಸ್ಥಾನದ ಗೋಪುರ. "ಚೆನ್ನಾಗಿದೆ ಸಾರ್" ಅಂದರು. ಅಷ್ಟೇ. ಚೆನ್ನಾಗಿರೋ ಚಿತ್ರದ ಮುಂದೆ ಕೇಳೋಕೆ ಏನೂ ಉಳಿಯೋದಿಲ್ಲ ಅಂತ ಅರ್ಥವಾಗಲು ನನಗೆ ಒಂದು ವರ್ಷ ಬೇಕಾಯಿತು.

ಎರಡನೇ ವರ್ಷ ನಮ್ಮ ಊರಿನದೇ ಫೋಟೋ ತೆಗೆದೆ. ಮೊಟ್ಟೆ ಟ್ರೇ, ಇಟ್ಟಿಗೆ ಅಟ್ಟಿ, ಬಸ್ ಟಿಕೆಟ್. ಆದರೆ ಪ್ರತಿ ಫೋಟೋ ಕೆಳಗೆ ದಪ್ಪಕ್ಷರದಲ್ಲಿ ನಾನೇ ಪ್ರಶ್ನೆ ಪ್ರಿಂಟ್ ಹಾಕಿಸಿದ್ದೆ. ಮಕ್ಕಳು ಫೋಟೋ ನೋಡಲೇ ಇಲ್ಲ. ನೇರವಾಗಿ ಪ್ರಶ್ನೆ ಓದಿ "ಯಾವ ಸೂತ್ರ ಸಾರ್?" ಅಂದರು. ಪಠ್ಯಪುಸ್ತಕದ ಲೆಕ್ಕಕ್ಕೆ ಬಣ್ಣ ಬಳಿದ ಹಾಗಾಯಿತು.

ದುಡ್ಡಿನ ಕಥೆ ಬೇರೆ. ಸೆಕೆಂಡ್ ಹ್ಯಾಂಡ್ ಪ್ರೊಜೆಕ್ಟರ್ ಒಂದನ್ನು ಎಂಟು–ಒಂಬತ್ತು ಸಾವಿರಕ್ಕೆ ತಂದೆ. ನಾಲ್ಕೇ ತಿಂಗಳಿಗೆ ಬಲ್ಬ್ ಹೋಯಿತು. ಹೊಸ ಬಲ್ಬಿಗೆ ಪ್ರೊಜೆಕ್ಟರಿನ ಅರ್ಧ ರೇಟು ಹೇಳಿದರು. ಅದು ಈಗಲೂ ನಮ್ಮ ಮನೆಯ ಅಟ್ಟದಲ್ಲಿದೆ, ಮನೆಯವರು ವರ್ಷಕ್ಕೊಮ್ಮೆ ಆಯುಧಪೂಜೆಗೆ ಕುಂಕುಮ ಇಡುತ್ತಾರೆ. ಆಮೇಲೆ ಎ3 ಕಲರ್ ಪ್ರಿಂಟ್, ಲ್ಯಾಮಿನೇಷನ್ ಸೇರಿ ಒಂದಕ್ಕೆ ಅರವತ್ತು–ಎಪ್ಪತ್ತು ರೂಪಾಯಿ. ಹಿಂದಿನ ಬೆಂಚಿಗೆ ಕಾಣಲ್ಲ, ಮೇಲೆ ಲ್ಯಾಮಿನೇಷನ್ ಹೊಳಪು. ಕೊನೆಗೆ ದಾರಿ ತೋರಿಸಿದ್ದು ಹುಟ್ಟುಹಬ್ಬದ ಬ್ಯಾನರ್ ಮಾಡುವ ಫ್ಲೆಕ್ಸ್ ಅಂಗಡಿ. ನಾಲ್ಕಕ್ಕೆ ಮೂರಡಿ ಫ್ಲೆಕ್ಸ್, ನೂರೈವತ್ತು ರೂಪಾಯಿ ಒಳಗೆ. ಕರೆಂಟ್ ಬೇಡ, ಮಡಚಿ ಬೈಕಿನಲ್ಲಿ ಇಟ್ಟುಕೊಳ್ಳಬಹುದು. ಮೇಲೆ ಮಾರ್ಕರಿನಲ್ಲಿ ಬರೆಯಬಹುದು ಅಂದುಕೊಂಡೆ, ಎರಡು ಫ್ಲೆಕ್ಸ್ ಹಾಳಾದವು, ಕಲೆ ಹೋಗಲ್ಲ. ಈಗ ಮೇಲೊಂದು ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಕಟ್ಟುತ್ತೇನೆ. ಮೊದಲೆರಡು ವರ್ಷ ನನ್ನ ಕೈಯಿಂದ ಹೋದದ್ದು ಹದಿನೈದು ಸಾವಿರದ ಹತ್ತಿರ. ಆಮೇಲೆ ವರ್ಷಕ್ಕೆ ಎರಡು ಸಾವಿರ ದಾಟಿಲ್ಲ.

ಈ ಎರಡು ವರ್ಷ ಎಲ್ಲರೂ ಒಂದೊಂದು ಮಾತು ಹೇಳಿದರು. ಹಿರಿಯ ಸಹೋದ್ಯೋಗಿಯೊಬ್ಬರು "ಪೋರ್ಷನ್ ಯಾವಾಗ ಮುಗಿಸ್ತೀರಿ?" ಅಂದರು. ಅದು ನ್ಯಾಯವಾದ ಪ್ರಶ್ನೆಯೇ. ಪೋಷಕರ ಸಭೆಯಲ್ಲಿ ಒಬ್ಬರು ಎದ್ದು ನಿಂತು, "ಗೂಡಿನ ಫೋಟೋ ನೋಡಕ್ಕೆ ಇಸ್ಕೂಲಿಗೆ ಕಳಿಸಬೇಕಾ ಸಾರ್? ಮನೇಲೇ ಗೂಡಿದೆ" ಅಂದರು. ಸಭೆಯೆಲ್ಲ ನಕ್ಕಿತು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ.

ಕೆಲಸ ಮಾಡಿದ್ದು ಒಂದು ಕೆಟ್ಟ ಫೋಟೋ. ವಿದ್ಯಾರ್ಥಿಯೊಬ್ಬನ ಮನೆಯಲ್ಲಿ ಗೋಡೆಗೆ ಒರಗಿಸಿದ್ದ ಚಂದ್ರಿಕೆಯ ಫೋಟೋ ತೆಗೆದಿದ್ದೆ. ಬಿದಿರು ತಟ್ಟಿಯ ಮೇಲೆ ಬಿದಿರಿನ ಪಟ್ಟಿ ಸುತ್ತಿ ಸುತ್ತಿ ಒಳಗೆ ಹೋಗುತ್ತದಲ್ಲ, ಹುಳು ಗೂಡು ಕಟ್ಟೋದು ಆ ಸಂದಿನಲ್ಲಿ. ಫ್ರೇಮಿಗೆ ಪೂರ್ತಿ ಹಿಡಿಸಿರಲಿಲ್ಲ. ಒಂದು ಮೂಲೆ, ಐದಾರು ಸುತ್ತು, ಅಷ್ಟೇ. ಬೇರೆ ಫೋಟೋ ತೆಗೆಯಲು ಪುರುಸೊತ್ತಿಲ್ಲದೆ ಅದನ್ನೇ ಫ್ಲೆಕ್ಸ್ ಮಾಡಿಸಿ ಹತ್ತನೇ ಕ್ಲಾಸಿನಲ್ಲಿ ತೂಗುಹಾಕಿದೆ. ಪ್ರಶ್ನೆ ಬರೆದಿರಲಿಲ್ಲ, ಮಾತೂ ಆಡಲಿಲ್ಲ. ನಿಜ ಹೇಳಬೇಕೆಂದರೆ ಅವತ್ತು ಗಂಟಲು ಕಟ್ಟಿತ್ತು.

"ಇದು ನಮ್ಮನೇದು ಸಾರ್!" ಅಂದ ಒಬ್ಬ. "ಈಗ ಯಾರ್ ಇಡ್ತಾರೋ ಇದನ್ನ, ನಮ್ಮನೇಲಿ ಪ್ಲಾಸ್ಟಿಕ್ ನೇತ್ರಿಕೆ" ಅಂದಳು ಇನ್ನೊಬ್ಬಳು. ಚಂದ್ರಿಕೆಯ ಬದಲು ಈಗ ಬಳಸೋದು ಅದನ್ನೇ. ಉಳಿದ ಭಾಗ ಎಲ್ಲಿ ಅಂತ ಜಗಳ ಶುರುವಾಯಿತು. ಆರಡಿ ಇರುತ್ತೆ, ಇಲ್ಲ ಐದೂವರೆ, ಅಗಲ ನಾಲ್ಕು. ಸಂದು ಎರಡು ಬೆರಳು, ಅಂದರೆ ಎರಡು ಇಂಚು ಅನ್ನಿ. ನನಗೆ ಗೊತ್ತಿಲ್ಲದ್ದನ್ನೆಲ್ಲ ಅವರೇ ತುಂಬುತ್ತಿದ್ದರು. ಆಗ ಕೊನೇ ಬೆಂಚಿನಿಂದ ಬಂತು: "ಸಾರ್, ಈ ಪಟ್ಟಿ ಬಿಚ್ಚಿದ್ರೆ ಎಷ್ಟು ಉದ್ದ ಬರುತ್ತೆ?"

ಹತ್ತನೇ ಕ್ಲಾಸಿನಲ್ಲಿ ಅವನು ಅಷ್ಟು ಹೊತ್ತಿಗೆ ಬಾಯಿ ಬಿಟ್ಟದ್ದು ಹಾಜರಿಗೆ ಮಾತ್ರ.

ಊಹೆ ಬರೆಸಿದೆ. ಮೂವತ್ತಡಿಯಿಂದ ಹಿಡಿದು "ಬಸ್ ಸ್ಟ್ಯಾಂಡ್‌ವರೆಗೆ" ತನಕ ಬಂತು. ಒಂದು ಗುಂಪು ಸುತ್ತಳತೆ ಹಿಡಿಯಿತು. ಆರಕ್ಕೆ ನಾಲ್ಕು ಅಂತ ಇಟ್ಟರೆ ಹೊರಗಿನ ಸುತ್ತು 20 ಅಡಿ, ಅಂದರೆ 240 ಇಂಚು. ಪ್ರತಿ ಸುತ್ತಿಗೂ ಉದ್ದ–ಅಗಲ ಎರಡರಲ್ಲೂ ನಾಲ್ಕು ನಾಲ್ಕು ಇಂಚು ಕಮ್ಮಿ, ಹಾಗಾಗಿ ಸುತ್ತಳತೆಯಲ್ಲಿ 16 ಕಮ್ಮಿ. 240, 224, 208, ಹೀಗೆ ಒಂದೇ ಸಮ ಇಳಿಯುವ ಸಾಲು. "ಸಾರ್, ಇದು ಸಮಾಂತರ ಶ್ರೇಢಿ!" ಅಂತ ಕೂಗಿದ್ದು ಅವರು, ನಾನಲ್ಲ. ಅಗಲ 48 ಇಂಚು, ಸುತ್ತಿಗೆ ನಾಲ್ಕು ಹೋದರೆ ಒಟ್ಟು 12 ಸುತ್ತು, ಮೊತ್ತ 1824 ಇಂಚು, 152 ಅಡಿ.

ಅಷ್ಟರಲ್ಲಿ ಕಿಟಕಿ ಪಕ್ಕದ ಹುಡುಗಿ 144 ಅಂದಳು. ಶ್ರೇಢಿ ಗೀಢಿ ಏನೂ ಇಲ್ಲ. "ಎರಡಿಂಚು ಅಗಲದ ಚಾಪೆ ಸುರುಳಿ ಹಾಸಿದಂಗೆ ಅಲ್ವಾ ಸಾರ್? ತಟ್ಟಿ ಎಷ್ಟು ಜಾಗ ಇದೆಯೋ ಅದನ್ನ ಎರಡರಿಂದ ಭಾಗಿಸಿದ್ರೆ ಆಯ್ತು." 72 ಇಂಟು 48, 3456. ಅರ್ಧ 1728 ಇಂಚು. ಸರಿಯಾಗಿ 144 ಅಡಿ. ನನಗೇ ಹೊಳೆದಿರಲಿಲ್ಲ.

ಎಂಟಡಿ ಎಲ್ಲಿ ಹೋಯಿತು? ಬೆಲ್ಲು ಹೊಡೆಯಿತು, ಯಾರೂ ಏಳಲಿಲ್ಲ. ಮುಂದಿನ ಪೀರಿಯಡ್ ಸಮಾಜದ ಮೇಷ್ಟ್ರು ಬಾಗಿಲಲ್ಲಿ ನಿಂತಿದ್ದರು. ಮರುದಿನ ಮೊದಲ ಗುಂಪೇ ಉತ್ತರ ತಂದಿತು. ಅವರು ನಡೆದದ್ದು ತಟ್ಟಿಯ ಅಂಚಿನ ಮೇಲೆ. ಎರಡಿಂಚು ದಾರಿಯ ನಡುವೆ ನಡೆದರೆ ಮೊದಲ ಸುತ್ತು 240 ಅಲ್ಲ, 232. ಸುತ್ತಿಗೆ 8 ಇಂಚು, 12 ಸುತ್ತಿಗೆ 96 ಇಂಚು. ಎಂಟಡಿ ಸಿಕ್ಕಿತು.

ಅಟ್ಟದ ಮೇಲೆ ಇಲಿ ಕಡಿದು ಬಿದ್ದಿದ್ದ ಹಳೇ ಚಂದ್ರಿಕೆಯೊಂದನ್ನು ಒಬ್ಬನ ತಾಯಿ ಕೊಟ್ಟು ಕಳಿಸಿದರು. ಪಟ್ಟಿ ಬಿಚ್ಚಿ ಕಾರಿಡಾರಿನಲ್ಲಿ ತುಂಡು ತುಂಡಾಗಿ ಹಾಸಿ ಅಳೆದೆವು. 130 ಅಡಿ ಮೇಲೆ ಸ್ವಲ್ಪ ಬಂತು. ಮೂಲೆಗಳು ದುಂಡಗಿದ್ದವು, ಅಂಚಿನಲ್ಲಿ ಜಾಗ ಬಿಟ್ಟಿತ್ತು. ಅದನ್ನೂ ಅವರೇ ಹೇಳಿದರು. ಸಭೆಯಲ್ಲಿ ನಗಿಸಿದ ಪೋಷಕರು ಅವತ್ತು ಗೇಟಿನ ಹತ್ತಿರ ನಿಂತು ನೋಡುತ್ತಿದ್ದರು.

ಅಲ್ಲಿಂದ ನಾನು ಪೂರ್ತಿ ಫೋಟೋ ತೋರಿಸೋದು ಬಿಟ್ಟೆ. ಏನೋ ಒಂದು ಕಮ್ಮಿ ಇರಬೇಕು. ಸಿಲಿಂಡರ್ ಫೋಟೋದಲ್ಲಿ ಖಾಲಿ ಸಿಲಿಂಡರಿನ ತೂಕ ಬರೆದಿರುವ ಭಾಗ ಕತ್ತರಿಸುತ್ತೇನೆ. ಒಳಗಿನ ಗ್ಯಾಸು 14.2 ಕೆಜಿ ಅಂತ ಮಕ್ಕಳೇ ಮನೆಯಲ್ಲಿ ಓದಿಕೊಂಡು ಬರುತ್ತಾರೆ. ಎಷ್ಟು ಕತ್ತರಿಸಬೇಕು ಅನ್ನೋದಕ್ಕೆ ನನ್ನದೇ ಒಂದು ಅಳತೆ ಇದೆ, ಅದನ್ನು ಈಗ ಹೇಳಲ್ಲ. ಜಾಸ್ತಿ ಕತ್ತರಿಸಿದರೆ ಒಗಟಾಗುತ್ತೆ, ಕಮ್ಮಿ ಕತ್ತರಿಸಿದರೆ ಅಲಂಕಾರ. ಫೋಟೋ ತೂಗುಹಾಕಿದ ಮೇಲೆ ಎರಡು ನಿಮಿಷ ಬಾಯಿ ಮುಚ್ಚಿಕೊಂಡು ಇರಬೇಕು. ಇದು ಎಲ್ಲಕ್ಕಿಂತ ಕಷ್ಟ. ನಾವು ಮೇಷ್ಟ್ರುಗಳು, ಮಾತಾಡದೆ ಇರಕ್ಕಾಗಲ್ಲ. ಮೊದಲ ಪ್ರಶ್ನೆ ಮುಂದಿನ ಬೆಂಚಿನಿಂದ ಬರದ ಹಾಗೆ ನೋಡಿಕೊಳ್ಳಲು ಒಂದು ಉಪಾಯ ಇದೆ. ಅದೂ ನನ್ನ ಹತ್ತಿರವೇ ಇರಲಿ. ಬಂದರೆ ತೋರಿಸುತ್ತೇನೆ, ಬರೆದರೆ ಕೆಡುತ್ತೆ.

ಒಂದು ತಪ್ಪು ಮಾತ್ರ ಬರೆಯಲೇಬೇಕು. ಬಡ್ಡಿ ಪಾಠಕ್ಕೆ ಅಂಗಡಿಯೊಂದರ ಸಾಲದ ಪುಸ್ತಕದ ಪುಟ ತೆಗೆದಿದ್ದೆ. ಹೆಸರುಗಳನ್ನು ಮುಚ್ಚಿದ್ದೆ. ಆದರೆ ಮೊತ್ತ ನೋಡಿಯೇ ಒಬ್ಬ ಹುಡುಗನಿಗೆ ಅದು ಅವರಪ್ಪನ ಲೆಕ್ಕ ಅಂತ ಗೊತ್ತಾಯಿತು. ತಲೆ ಬಗ್ಗಿಸಿ ಕೂತವನು ಎರಡು ದಿನ ಬರಲಿಲ್ಲ. ಅವರ ಮನೆಗೆ ಹೋಗಿ ಮಾತಾಡಿ ಕರೆತಂದೆ. ಆ ಫ್ಲೆಕ್ಸ್ ಅವತ್ತೇ ಸುಟ್ಟೆ. ದುಡ್ಡು ಬರೆದಿರುವ ಕಾಗದದ ಫೋಟೋ ಈಗ ತೆಗೆಯೋದೇ ಇಲ್ಲ.

ಟ್ಯಾಂಕಿನ ವಿಡಿಯೋ ನಾನೂ ಮಾಡಿದೆ. ಶಾಲೆಯ ಸಾವಿರ ಲೀಟರ್ ಟ್ಯಾಂಕು, ಐದು ನಿಮಿಷಕ್ಕೊಂದು ಫೋಟೋ. ಅರ್ಧ ತುಂಬುವಾಗ ಕರೆಂಟ್ ಹೋಯಿತು, ಅಷ್ಟರಲ್ಲಿ ಬಿಸಿಯೂಟದವರು ನಲ್ಲಿ ತಿರುಗಿಸಿದರು. ನೀರು ಇಳಿಯಿತು. ಹಾಳಾಯಿತು ಅಂದುಕೊಂಡು ಅದನ್ನೇ ತೋರಿಸಿದೆ. "ಇಲ್ಲೇನೋ ಆಗಿದೆ" ಅಂತ ಗ್ರಾಫು ಎಳೆದು ಕರೆಂಟ್ ಹೋದ ಹೊತ್ತನ್ನು ಮಕ್ಕಳು ಹತ್ತು ನಿಮಿಷದ ಅಂತರದಲ್ಲಿ ಹಿಡಿದರು.

ರಂಗೋಲಿ ನನ್ನ ಖಯಾಲಿ. 15 ಚುಕ್ಕಿಯಿಂದ 8ರವರೆಗೆ, ಸಂದಿನಲ್ಲಿ ಇಡುವ ಚುಕ್ಕಿ: ನಡುವಿನ ಸಾಲಿನಲ್ಲಿ 15, ಮೇಲೂ ಕೆಳಗೂ ಒಂದೊಂದೇ ಕಮ್ಮಿಯಾಗುತ್ತಾ 8. ಒಟ್ಟು 169. ಚಿಕ್ಕದರಿಂದ ಶುರು ಮಾಡಿದರೆ 1, 7, 19, 37, 61, ವ್ಯತ್ಯಾಸ 6, 12, 18, 24. ಇದು ನಿಮಗೆ ಗೊತ್ತಿರುತ್ತೆ. ಒಬ್ಬಳು ಕೇಳಿದಳು: "169 ಅಂದ್ರೆ 13ರ ವರ್ಗ. ಇದೇ ಚುಕ್ಕಿಗಳನ್ನ ಚೌಕವಾಗಿಯೂ ಇಡಬಹುದು. ಇನ್ಯಾವ ರಂಗೋಲಿಗೆ ಹೀಗಾಗುತ್ತೆ ಸಾರ್?" ನಾನು ಮನೆಯಲ್ಲಿ ಮೂರು ರಾತ್ರಿ ಕೂತೆ. ಮುಂದಿನದು 209 ಚುಕ್ಕಿಯಿಂದ 105ರವರೆಗೆ, ಒಟ್ಟು 32761, ಅಂದರೆ 181ರ ವರ್ಗ. ಶಾಲೆ ಮೈದಾನ ಸಾಕು, ಇಡುವ ತಾಳ್ಮೆ ಸಾಲದು.

ಫಲಿತಾಂಶ ಕೇಳುವವರಿಗೆ: ಗಣಿತದಲ್ಲಿ ಪಾಸಾಗುವವರು ನೂರಕ್ಕೆ ಅರವತ್ತರ ಆಸುಪಾಸು ಇದ್ದರು, ಈಗ ಎಂಬತ್ತರ ಹತ್ತಿರ. ಪಾಸಾಗಲು ಬೇಕಾದಷ್ಟನ್ನೇ ಆಯ್ದು ಓದಿಸುವ ಪಾಸಿಂಗ್ ಪ್ಯಾಕೇಜಿನ ಪಾಲೂ ಇದರಲ್ಲಿದೆ, ಎಲ್ಲವೂ ನನ್ನದು ಅಂತ ಹೇಳಲ್ಲ. ನಾನು ಲೆಕ್ಕ ಇಡೋದು ಬೇರೆಯದನ್ನು. ಮಕ್ಕಳು ಕೇಳಿದ ಪ್ರಶ್ನೆ ಬರೆಯಲು ಒಂದು ನೋಟ್‌ಬುಕ್ ಇದೆ. ಮೊದಲ ವರ್ಷ ಒಂದು ಟರ್ಮಿಗೆ ಒಂದು ಪುಟ ತುಂಬಿರಲಿಲ್ಲ. ಈಗ ಫೋಟೋ ಇರುವ ದಿನ ಒಂದೇ ಪೀರಿಯಡ್‌ಗೆ ಹತ್ತು–ಹನ್ನೆರಡು. ಪೋರ್ಷನ್ ಕೂಡ ಮುಗಿಯುತ್ತೆ. ವಾರಕ್ಕೆ ಒಂದೇ ಫೋಟೋ, ಅದಕ್ಕಿಂತ ಜಾಸ್ತಿ ಬೇಡ. ದಿನಾ ತೋರಿಸಿದ ತಿಂಗಳು ಅದೂ ಪಠ್ಯಪುಸ್ತಕದ ಹಾಗೇ ಸಪ್ಪೆಯಾಯಿತು.

ಕಳೆದ ವರ್ಷದ ಮಕ್ಕಳು ಕಿಲೋ ಗೂಡಿನ ಫೋಟೋದಿಂದ ಎಷ್ಟು ದೂರ ಹೋದರು ನೋಡಿ. ನೂರು ಗೂಡು ತೂಗಿದರು, 160 ಗ್ರಾಂ ಚಿಲ್ಲರೆ. ಕಿಲೋಗೆ ಆರುನೂರು ಗೂಡು. ಗೂಡಿಗೆ 800 ಮೀಟರ್ ನೂಲು ಅಂತ ಇಟ್ಟರೂ 480 ಕಿಲೋಮೀಟರ್. "ಬೆಂಗಳೂರಿಂದ ಬೆಳಗಾವಿ ಹತ್ತತ್ರ ಹೋಗುತ್ತೆ" ಅಂತ ಮ್ಯಾಪ್ ತೆರೆದು ಕೂತರು.

ಹೋದ ವಾರ ಒಂಬತ್ತನೇ ಕ್ಲಾಸಿನ ಹುಡುಗಿ ತಾನೇ ಒಂದು ಫೋಟೋ ತಂದಳು. ಅವರಪ್ಪ ಮೊಪೆಡ್ಡಿನ ಹಿಂದೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಕಟ್ಟುತ್ತಿದ್ದಾರೆ. ಹಗ್ಗದ ಅರ್ಧ ಮಾತ್ರ ಕಾಣುತ್ತೆ, ಅವಳೇ ಕತ್ತರಿಸಿದ್ದಾಳೆ. ಹೊರೆ ಎರಡರಷ್ಟು ದಪ್ಪ ಆದರೆ ಸೊಪ್ಪು ನಾಲ್ಕರಷ್ಟು ಹಿಡಿಯುತ್ತೆ, ಹಗ್ಗ ಎರಡರಷ್ಟೇ ಸಾಕು, ಅಲ್ಲಿವರೆಗೆ ಅವಳಿಗೆ ಗೊತ್ತು. ಆದರೆ ಬಿಗಿಯಾಗಿ ಎಳೆದರೆ ಸೊಪ್ಪು ಕುಗ್ಗುತ್ತಲ್ಲ ಸಾರ್, ಆಗ? ಸೋಮವಾರ ಹೇಳ್ತೀನಿ ಅಂದಿದ್ದೇನೆ. ಹಗ್ಗ ಸಿಕ್ಕಿದೆ, ಸೊಪ್ಪು ನಾಳೆ ತರುತ್ತಾಳಂತೆ.