ಐಸಿಂಗ್ ಒಣಗುವ ತನಕ ಡಬ್ಬಿ ಮುಚ್ಚಬೇಡಿ

ನ್ಯೂಜೆರ್ಸಿಗೆ ಬಂದ ಹೊಸದರಲ್ಲಿ, ಒಂದು ಡಿಸೆಂಬರಿನ ಸಂಜೆ, ಎದುರು ಮನೆ ಅಜ್ಜಿ ತಗಡಿನ ಡಬ್ಬಿಯೊಂದನ್ನು ತಂದುಕೊಟ್ಟರು. ಮುಚ್ಚಳ ತೆಗೆದರೆ ಸೋಂಪಿನ ಘಮ. ಬೆಳ್ಳಗೆ ಸಕ್ಕರೆ ಮೆತ್ತಿದ ಪುಟ್ಟ ಪುಟ್ಟ ಬಿಸ್ಕತ್ತು, ಅದರ ಮೇಲೆ ಕೆಂಪು, ಹಸಿರು, ಹಳದಿ ಬಣ್ಣದ ಸಾಸಿವೆಯಂಥ ಕಾಳು. ನಮ್ಮ ಮೈಸೂರಲ್ಲಿ ಸಂಕ್ರಾಂತಿ ಎಳ್ಳಿಗೆ ಬೆರೆಸುವ ಜೀರಿಗೆ ಪೆಪ್ಪರಮೆಂಟು ಇಲ್ಲಿಗೆ ಹೇಗಪ್ಪ ಬಂತು ಅನ್ನಿಸಿತು. ಆಕೆಯ ಅಪ್ಪ ಅಮ್ಮ ಇಟಲಿಯ ಸಿಸಿಲಿ ದ್ವೀಪದಿಂದ ಬಂದವರು. ಬೀದಿಯ ಮಕ್ಕಳೆಲ್ಲ ಆಕೆಯನ್ನು ನೊನ್ನಾ ಅಂತಿದ್ದವು. ಇಟಾಲಿಯನ್ನಿನಲ್ಲಿ ಅಜ್ಜಿ ಅಂತ. ನಾನೂ ಹಾಗೇ ಕರೆದೆ. ಆಮೇಲೆ ಹದಿನಾರು ವರ್ಷ, ಪ್ರತಿ ಡಿಸೆಂಬರಿನಲ್ಲೂ ಆಕೆಯ ಅಡಿಗೆಮನೆಯಲ್ಲಿ ಮೈಗೆಲ್ಲ ಮೈದಾ ಮೆತ್ತಿಕೊಂಡು ಕಲಿತದ್ದು ಈ ಇಟಾಲಿಯನ್ ಕ್ರಿಸ್ಮಸ್ ಬಿಸ್ಕತ್ತು. ಈಗ ಸೊಸೆಯಂದಿರು ಫೋನ್ ಮಾಡಿ ಕೇಳುತ್ತಾರೆ, ಅದಕ್ಕೇ ಬರೆದಿಡುತ್ತಿದ್ದೇನೆ.

ಮೊದಲು ಒಂದು ಮಾತು. ಈ ಬಿಸ್ಕತ್ತಿನ ಹಿಟ್ಟೇ ಸಪ್ಪೆ. ನಮ್ಮ ಕೈ ಸುಮ್ಮನಿರದೆ ಇನ್ನೊಂದು ಹಿಡಿ ಸಕ್ಕರೆ ಸುರಿಯೋಣ ಅನ್ನುತ್ತದೆ, ಸುರಿಯಬೇಡಿ. ಸಿಹಿಯೆಲ್ಲ ಮೇಲಿನ ಐಸಿಂಗಿನದು. ಒಳಗೂ ಸಿಹಿ, ಹೊರಗೂ ಸಿಹಿ ಆದರೆ ಎರಡನೆಯದನ್ನು ಯಾರೂ ಕೈಯಲ್ಲಿ ಎತ್ತಿಕೊಳ್ಳುವುದಿಲ್ಲ.

ನಾನು ಆ ಡಬ್ಬಿಯಲ್ಲಿ ಕಂಡದ್ದು ಆಂಜಿನೆಟ್ಟಿ. ಮೂರು ಕಪ್ ಮೈದಾ, ಅಂದರೆ ಹೆಚ್ಚುಕಮ್ಮಿ 375 ಗ್ರಾಂ, ಅದಕ್ಕೆ ಮೂರು ಟೀ ಚಮಚ ಬೇಕಿಂಗ್ ಪೌಡರ್ ಸೇರಿಸಿ ಜರಡಿ ಹಿಡಿಯಿರಿ. ಇನ್ನೊಂದು ಪಾತ್ರೆಯಲ್ಲಿ ಮೂರು ಮೊಟ್ಟೆ, ಅರ್ಧ ಕಪ್ ಸಕ್ಕರೆ, ಅರ್ಧ ಕಪ್ ಕರಗಿಸಿ ಆರಿಸಿದ ಬೆಣ್ಣೆ, ಒಂದು ನಿಂಬೆಹಣ್ಣಿನ ಸಿಪ್ಪೆಯ ತುರಿ. ತುರಿಯುವಾಗ ಹಳದಿ ಮಾತ್ರ ಬರಲಿ, ಕೆಳಗಿನ ಬಿಳಿ ಪದರ ಬಂದರೆ ಕಹಿ. ಎರಡನ್ನೂ ಕೂಡಿಸಿ. ಚಪಾತಿ ಹಿಟ್ಟಿನ ಹಾಗೆ ನಾದಬೇಡಿ, ನಾದಿದಷ್ಟೂ ಗಟ್ಟಿ. ಅಂಟಂಟಾಗಿಯೇ ಇರುತ್ತದೆ, ಹೆದರಿ ಮೈದಾ ಸುರಿಯುವುದೂ ಬೇಡ. ಮುಚ್ಚಿ ಅರ್ಧ ಗಂಟೆ ಬಿಟ್ಟು, ಹೋಳಿಗೆ ಕಣಕಕ್ಕೆ ಮಾಡುವ ಹಾಗೆ ಕೈಗೆ ಎಣ್ಣೆ ಸವರಿಕೊಂಡರೆ ಮಾತು ಕೇಳುತ್ತದೆ. ದೊಡ್ಡ ನೆಲ್ಲಿಕಾಯಿ ಗಾತ್ರದ ಉಂಡೆ ಮಾಡಿ, ಇಲ್ಲವೇ ಬೆರಳು ದಪ್ಪಕ್ಕೆ ಹೊಸೆದು ಒಂದು ಸಡಿಲ ಗಂಟು ಹಾಕಿ. 175 ಡಿಗ್ರಿ ಸೆಲ್ಸಿಯಸ್, ಇಲ್ಲಿನ ಫ್ಯಾರನ್‌ಹೀಟ್ ಲೆಕ್ಕದಲ್ಲಿ 350, ಹತ್ತರಿಂದ ಹನ್ನೆರಡು ನಿಮಿಷ. ಮೇಲುಗಡೆ ಕೆಂಪಗಾಗಲಿ ಅಂತ ಕಾಯುತ್ತಾ ಕೂತರೆ ಕೆಟ್ಟಿತು. ಒಂದನ್ನು ಎತ್ತಿ ತಳ ನೋಡಿ. ತಳ ಹೊಂಬಣ್ಣ, ತಲೆ ಬಿಳಿಚು ಇದ್ದರೆ ಆಯಿತು ಅಂತ ಅರ್ಥ.

ಸೋಂಪಿನ ವಿಷಯ. ಅವರು ಹಾಕುವುದು ಆನಿಸ್, ನಮ್ಮ ಊಟದ ಕೊನೆಗೆ ಬಾಯಿಗೆ ಹಾಕಿಕೊಳ್ಳುವ ಸೋಂಪು ಬೇರೆ ಗಿಡದ್ದು. ಆದರೆ ಎರಡರಲ್ಲೂ ಘಮದ ಎಣ್ಣೆ ಮುಖ್ಯವಾಗಿ ಒಂದೇ, ಆದ್ದರಿಂದ ನಮ್ಮ ಸೋಂಪನ್ನು ಬಾಣಲೆಯಲ್ಲಿ ಬೆಚ್ಚಗೆ ಮಾಡಿ ಕುಟ್ಟಿ ಒಂದು ಚಮಚ ಹಾಕಿದರೆ ಯಾರೂ ಜಗಳಕ್ಕೆ ಬರುವುದಿಲ್ಲ. ನೊನ್ನಾನೂ ಬರಲಿಲ್ಲ. ಆಕೆಯ ತಾಯಿ ಕೆಲವು ತೆಳು ಬಿಸ್ಕತ್ತಿಗೆ ಬೇಕಿಂಗ್ ಪೌಡರ್ ಬದಲು ಅಡಿಗೆಯ ಅಮೋನಿಯ ಹಾಕುತ್ತಿದ್ದರಂತೆ. ಬೇಯುವಾಗ ಮನೆಯವರೆಲ್ಲ ಮೂಗು ಮುಚ್ಚಿಕೊಂಡು ಆಚೆ ಹೋಗಬೇಕು, ಬೆಂದು ಆರಿದ ಮೇಲೆ ವಾಸನೆಯ ಸುಳಿವೂ ಇರುವುದಿಲ್ಲ. ದಪ್ಪ ಬಿಸ್ಕತ್ತಿಗೆ ಅದು ಆಗದು, ಒಳಗಿನ ವಾಸನೆ ಹೊರಗೆ ಹೋಗಲು ದಾರಿ ಸಿಗದು. ನಾನಂತೂ ಆ ಗೋಜಿಗೇ ಹೋಗಿಲ್ಲ.

ಈಗ ಐಸಿಂಗ್. ಎಲ್ಲರೂ ಎಡವುವುದು ಇಲ್ಲೇ. ಎರಡು ಕಪ್ ಐಸಿಂಗ್ ಸಕ್ಕರೆಗೆ ಎರಡು ಮೂರು ಟೇಬಲ್ ಚಮಚ ನಿಂಬೆರಸ, ಅಷ್ಟೇ. ರಸವನ್ನು ಒಟ್ಟಿಗೆ ಸುರಿಯಬೇಡಿ; ಕೊನೆಯ ಚಮಚವನ್ನು ಹನಿ ಹನಿಯಾಗಿ ಬಿಡಿ. ಹದ ಯಾವುದು ಅಂದರೆ, ಉದ್ದಿನ ದೋಸೆ ಹಿಟ್ಟಿನದು, ನೀರ್ದೋಸೆಯದಲ್ಲ. ಚಮಚ ಎತ್ತಿ ಬಿಟ್ಟಾಗ ಬಿದ್ದ ಎಳೆ ಒಂದರಿಂದ ಎಂಟು ಎಣಿಸುವ ತನಕ ಕಾಣಿಸಿ ಆಮೇಲೆ ಕರಗಬೇಕು. ಮನೆಯಲ್ಲೇ ಸಕ್ಕರೆ ಪುಡಿ ಮಾಡುವವರು ಒಂದು ಕಪ್ಪಿಗೆ ಒಂದು ಟೀ ಚಮಚ ಮುಸುಕಿನ ಜೋಳದ ಪಿಷ್ಟ, ಅದೇ ಅಂಗಡಿಯ ಕಾರ್ನ್‌ಫ್ಲೋರ್, ಸೇರಿಸಿಯೇ ಮಿಕ್ಸಿಗೆ ಹಾಕಿ. ಅಂಗಡಿಯ ಐಸಿಂಗ್ ಸಕ್ಕರೆಯಲ್ಲಿ ಅದು ಮೊದಲೇ ಇರುತ್ತದೆ, ಗಂಟು ಕಟ್ಟದಿರಲಿ ಅಂತ. ಪುಡಿಯನ್ನು ತೆಳು ಬಟ್ಟೆಯಲ್ಲಿ ಸೋಸಿ. ಒಂದು ಹರಳು ಉಳಿದರೂ ನಾಲಿಗೆಗೆ ಮರಳು.

ಬಿಸ್ಕತ್ತು ಪೂರ್ತಿ ಆರಿರಬೇಕು. ಬೆಚ್ಚಗಿದ್ದಾಗ ಅದ್ದಿದರೆ ಐಸಿಂಗ್ ಗಾಜಿನ ಹಾಗೆ ಪಾರದರ್ಶಕವಾಗಿ ಜಾರಿ ತಟ್ಟೆಯಲ್ಲಿ ಕೆರೆ ಕಟ್ಟುತ್ತದೆ. ತಲೆಕೆಳಗೆ ಹಿಡಿದು ತಲೆ ಮಾತ್ರ ಮುಳುಗಿಸಿ, ಮೇಲೆತ್ತಿ, ಒಮ್ಮೆ ತಿರುವಿ ಜಾಲರಿಯ ಮೇಲಿಡಿ. ನಾಲ್ಕೈದು ಅದ್ದಿದ ಕೂಡಲೇ ಬಣ್ಣದ ಕಾಳು ಉದುರಿಸಿ, ಆಮೇಲೆ ಮುಂದಿನ ನಾಲ್ಕೈದು. ಮೊದಲ ವರ್ಷ ನಾನು ಬುದ್ಧಿವಂತಿಕೆ ತೋರಿಸಲು ಹೋಗಿ ಮೂವತ್ತನ್ನೂ ಒಟ್ಟಿಗೆ ಅದ್ದಿ, ಕೈ ತೊಳೆದುಕೊಂಡು ಬಂದು ಕಾಳು ಉದುರಿಸಿದೆ. ಅಷ್ಟರಲ್ಲಿ ಐಸಿಂಗಿನ ಮೇಲೆ ಹಾಲಿನ ಕೆನೆಯಂತೆ ಪೊರೆ ಕಟ್ಟಿತ್ತು. ಒಂದು ಕಾಳೂ ನಿಲ್ಲಲಿಲ್ಲ. ಟಪಟಪ ಅಂತ ಮೇಜಿನಿಂದ ನೆಲಕ್ಕೆ, ನೆಲದಿಂದ ಫ್ರಿಜ್ಜಿನ ಅಡಿಗೆ. ಯುಗಾದಿಗೆ ಮನೆ ಸಾರಿಸಿ ಗುಡಿಸುವಾಗಲೂ ಸಿಗುತ್ತಿದ್ದವು. ಆ ದಿನ ನೊನ್ನಾ ನಕ್ಕದ್ದು ನನಗೆ ಇವತ್ತಿಗೂ ಕೇಳಿಸುತ್ತದೆ. ಅಂದಿನಿಂದ ಒಬ್ಬರು ಅದ್ದುವುದು, ಇನ್ನೊಬ್ಬರು ಉದುರಿಸುವುದು. ಉದುರಿಸುವ ಕೆಲಸಕ್ಕೆ ಮೊಮ್ಮಕ್ಕಳೇ ವಾಸಿ, ಕೈ ಎತ್ತರದಿಂದ ಬಿಡಲಿ, ಎಲ್ಲ ಕಡೆ ಸಮವಾಗಿ ಬೀಳುತ್ತವೆ. ಕೆಳಗೊಂದು ಅಂಚಿರುವ ತಟ್ಟೆ ಇಟ್ಟಿರಿ, ಬಿದ್ದದ್ದು ಮತ್ತೆ ಬಳಕೆಗೆ ಬರಲಿ.

ಐಸಿಂಗ್ ಬಹಳ ನೀರಾದರೆ ಆ ಕಾಳಿನ ಬಣ್ಣ ಬಿಟ್ಟು, ಬಿಳಿಯ ಮೇಲೆ ಕೆಂಪು ಓಕುಳಿ. ಬೇಗ ಮುಚ್ಚಿಟ್ಟರೂ ಅದೇ ಗತಿ. ಮುಟ್ಟಿ ನೋಡಿದರೆ ಒಣಗಿದೆ ಅನ್ನಿಸುತ್ತದೆ, ಒಳಗಿನ್ನೂ ಹಸಿ. ರಾತ್ರಿಯಿಡೀ ಜಾಲರಿಯ ಮೇಲೇ ಇರಲಿ, ಬೆಳಿಗ್ಗೆ ಡಬ್ಬಿಗೆ. ಇಲ್ಲಿ ಚಳಿಗಾಲದಲ್ಲಿ ಹೀಟರಿನ ಒಣ ಗಾಳಿಗೆ ಬೇಗ ಒಣಗುತ್ತದೆ. ಮಂಗಳೂರಿನ ಕಡೆ ತೇವ ಜಾಸ್ತಿ, ಅಲ್ಲಿಯವರು ಫ್ಯಾನ್ ಹಾಕಿ ಇನ್ನೂ ಅರ್ಧ ದಿನ ಕಾಯಿರಿ.

ನನಗೆ ಹೆಚ್ಚು ಪ್ರೀತಿ ಸಿಸಿಲಿಯ ಅಂಜೂರದ ಬಿಸ್ಕತ್ತು, ಕುಚ್ಚಿದಾತಿ. ನಮ್ಮ ಕರ್ಜಿಕಾಯಿಯ ದೂರದ ನೆಂಟ ಅನ್ನಿ. ಹೂರಣವನ್ನು ಮೂರು ದಿನ ಮುಂಚೆಯೇ ಮಾಡಿ ಫ್ರಿಜ್ಜಿನಲ್ಲಿಡಿ, ರುಚಿ ಒಂದಕ್ಕೊಂದು ಬೆರೆಯುತ್ತದೆ. ಒಣ ಅಂಜೂರ 400 ಗ್ರಾಂ, ಖರ್ಜೂರ, ಒಣದ್ರಾಕ್ಷಿ, ಹುರಿದ ಬಾದಾಮಿ ಅಥವಾ ಆಕ್ರೋಟು ತಲಾ 100 ಗ್ರಾಂ, ಒಂದು ಕಿತ್ತಳೆಯ ಸಿಪ್ಪೆ ತುರಿ, ಚಕ್ಕೆ ಪುಡಿ, ಎರಡು ಲವಂಗದ ಪುಡಿ, ಎರಡು ಚಮಚ ಜೇನು. ಊರಲ್ಲಿ ಹಾರದ ಹಾಗೆ ದಾರಕ್ಕೆ ಪೋಣಿಸಿ ಮಾರುತ್ತಾರಲ್ಲ, ಆ ಅಂಜೂರ ಬಹಳ ಒಣಗಿರುತ್ತದೆ. ತೊಟ್ಟು ಕಿತ್ತು ಬಿಸಿ ಮಾಡಿದ ಕಿತ್ತಳೆ ರಸದಲ್ಲಿ ಒಂದು ಗಂಟೆ ನೆನೆಸಿ. ಅವರು ಮರ್ಸಾಲ ಅನ್ನುವ ವೈನ್ ಹಾಕುತ್ತಾರೆ, ನಾನು ಕಿತ್ತಳೆ ರಸದಲ್ಲೇ ಮುಗಿಸುತ್ತೇನೆ. ನುಣ್ಣಗೆ ರುಬ್ಬಬೇಡಿ, ಅಂಜೂರದ ಬೀಜ ಹಲ್ಲಿಗೆ ಸಿಗಬೇಕು.

ಮೇಲಿನ ಕಣಕಕ್ಕೆ ಅರ್ಧ ಕಿಲೋ ಮೈದಾ, 225 ಗ್ರಾಂ ತಣ್ಣನೆಯ ಬೆಣ್ಣೆ, 150 ಗ್ರಾಂ ಸಕ್ಕರೆ, ಮೂರು ಟೀ ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು. ಮೊಟ್ಟೆ ಹಾಕುವುದು ರೂಢಿ, ಆದರೆ ಮುಟ್ಟದ ಮನೆಯವರು ತಣ್ಣನೆಯ ಹಾಲಿನಲ್ಲೇ ಕಲಸಿ, ಇದಕ್ಕೆ ನಡೆಯುತ್ತದೆ. ಆಂಜಿನೆಟ್ಟಿಗೆ ನಡೆಯುವುದಿಲ್ಲ, ಪ್ರಯತ್ನಿಸಿ ಕೈ ಸುಟ್ಟುಕೊಂಡಿದ್ದೇನೆ. ಕಣಕವನ್ನು ನಾಲ್ಕು ಬೆರಳಗಲದ ಪಟ್ಟಿಯಾಗಿ ಲಟ್ಟಿಸಿ, ಹೂರಣವನ್ನು ಹೆಬ್ಬೆರಳು ದಪ್ಪಕ್ಕೆ ಉದ್ದಕ್ಕೂ ಇಟ್ಟು, ಸುತ್ತಿ, ಅಂಟಿಸಿದ ಅಂಚು ಅಡಿಗೆ ಬರುವಂತೆ ಹೊರಳಿಸಿ ಎರಡೆರಡು ಬೆರಳಿಗೆ ಕತ್ತರಿಸಿ. ಮೇಲೆ ಚಾಕುವಿನಿಂದ ಎರಡು ಗೀರು ಹಾಕಿ, ಇಲ್ಲದಿದ್ದರೆ ಹಬೆ ತನಗೆ ಬೇಕಾದ ಕಡೆ ಸೀಳಿಕೊಳ್ಳುತ್ತದೆ. ಅದೇ 175 ಡಿಗ್ರಿ, ಹದಿನೈದರಿಂದ ಹದಿನೆಂಟು ನಿಮಿಷ. ಐಸಿಂಗ್, ಕಾಳು ಮೊದಲಿನಂತೆಯೇ.

ಪಿಜ್ಜೆಲ್ಲೆ ಅನ್ನುವ ತೆಳು ಗರಿಗರಿ ಬಿಸ್ಕತ್ತಿಗೆ ಎರಡು ಹಲಗೆಯ ಕಬ್ಬಿಣದ ಅಚ್ಚು ಬೇಕು, ಈಗ ಕರೆಂಟಿನದು ಬಂದಿದೆ. ಇಟಲಿಯ ಅಬ್ರುಜ್ಜೊ ಸೀಮೆಯದು, ಮಂಜಿನ ಹರಳಿನ ಹಾಗೆ ಚಿತ್ತಾರ ಮೂಡುತ್ತದೆ. ಆ ಚಿತ್ತಾರವೇ ಅಲಂಕಾರ, ಮೇಲೆ ಏನೂ ಮೆತ್ತಬೇಡಿ. ಅಚ್ಚಿನಿಂದ ಬರುವ ಹಬೆ ನಿಂತರೆ ಬೆಂದಿತು ಅಂತ. ಬಿಸಿಯಲ್ಲಿ ಒಂದರ ಮೇಲೊಂದು ಪೇರಿಸಿದರೆ ಹಪ್ಪಳಕ್ಕೆ ನೀರು ಬಿದ್ದ ಹಾಗೆ ಮೆತ್ತಗಾಗುತ್ತದೆ.

ಬಿಸ್ಕೊತ್ತಿ ಅಂದರೆ ಎರಡು ಸಲ ಬೆಂದದ್ದು. ನಮ್ಮ ಬಿಸ್ಕತ್ತು ಅನ್ನುವ ಮಾತಿನ ಬೇರೂ ಅದೇ. ಅಮೆರಿಕದಲ್ಲಿ ಆ ಹೆಸರು ಹೋಳು ಹೋಳಾಗಿ ಕತ್ತರಿಸಿ ಮತ್ತೆ ಬೇಯಿಸಿದ್ದಕ್ಕೆ ಮಾತ್ರ, ಅದರಲ್ಲಿ ಬಾದಾಮಿಯದ್ದನ್ನು ಇಟಲಿಯ ಪ್ರಾತೊ ಊರಿನವರು ಕಂತುಚ್ಚಿ ಅನ್ನುತ್ತಾರೆ. ಗುಟ್ಟು ಒಂದೇ: ಮೊದಲ ಸಲ ಬೆಂದ ದಿಂಡನ್ನು ಹದಿನೈದು ನಿಮಿಷ ಆರಿಸಿ, ಹಲ್ಲಿರುವ ಬ್ರೆಡ್ ಚಾಕುವಿನಿಂದ ಕೊಯ್ಯಿರಿ. ಬಿಸಿಯಲ್ಲಿ ಕತ್ತರಿಸಿದರೆ ಪುಡಿ ಪುಡಿ.

ಇಟಲಿಯ ಬಾವುಟದ ಮೂರು ಬಣ್ಣದ, ಚಾಕೊಲೇಟ್ ಮೆತ್ತಿದ ಪದರದ ಬಿಸ್ಕತ್ತನ್ನು ನಾನು ಅಂಗಡಿಯಿಂದಲೇ ತರುತ್ತೇನೆ. ಮೂರು ತಟ್ಟೆ, ಮೂರು ಸಲ ಒವನ್, ರಾತ್ರಿಯಿಡೀ ಮೇಲೆ ಭಾರ. ಆ ವಯಸ್ಸು ಮುಗಿಯಿತು.

ಡಬ್ಬಿ ತುಂಬುವಾಗ ಗರಿಗರಿಯದನ್ನೂ ಮೆತ್ತನೆಯದನ್ನೂ ಒಟ್ಟಿಗೆ ಹಾಕಬೇಡಿ, ಎರಡು ದಿನದಲ್ಲಿ ಎಲ್ಲವೂ ಮೆತ್ತಗೆ. ಪದರದ ನಡುವೆ ಬೆಣ್ಣೆ ಕಾಗದ ಇರಲಿ. ಮುಂಚೆಯೇ ಮಾಡಿ ಫ್ರೀಜರಿನಲ್ಲಿ ಇಡುವವರು ಐಸಿಂಗ್ ಹಾಕದೆ ಇಡಿ, ಹಬ್ಬದ ಹಿಂದಿನ ದಿನ ತೆಗೆದು, ತಣುಪು ಪೂರ್ತಿ ಬಿಟ್ಟು ಮೇಲಿನ ನೀರಿನ ಪಸೆ ಹೋದ ಮೇಲೆ ಅದ್ದಿ. ಆಂಜಿನೆಟ್ಟಿ ಡಬ್ಬಿಯಲ್ಲಿ ಐದಾರು ದಿನ ಚೆನ್ನ, ಅಂಜೂರದ್ದು ಎರಡು ವಾರ, ಬಿಸ್ಕೊತ್ತಿ ಒಂದು ತಿಂಗಳು.

ಜನವರಿ 6, ಅವರ ಎಪಿಫನಿ ಹಬ್ಬ. ನೊನ್ನಾ ಮನೆಯಲ್ಲಿ ಕ್ರಿಸ್ಮಸ್ ಗಿಡ ಇಳಿಸುತ್ತಿದ್ದದ್ದು ಅವತ್ತು. ಖಾಲಿ ಡಬ್ಬಿ ವಾಪಸ್ ಕೊಡುವ ಪದ್ಧತಿ ನಮ್ಮಲ್ಲಿಲ್ಲವಲ್ಲ, ನಾನು ಅದನ್ನು ತೊಳೆದು ಒರೆಸಿ ಒಂದು ವಾರ ಇಟ್ಟುಕೊಂಡು, ಕೊಬ್ಬರಿ, ಬೆಲ್ಲ ಕತ್ತರಿಸಿ ಒಣಗಿಸಿ, ಸಂಕ್ರಾಂತಿಯ ದಿನ ಎಳ್ಳು ತುಂಬಿ ಕೊಡುತ್ತಿದ್ದೆ. ಆಕೆ ಜೀರಿಗೆ ಪೆಪ್ಪರಮೆಂಟನ್ನು ಮಾತ್ರ ಆರಿಸಿ ಆರಿಸಿ ಮೊದಲು ತಿನ್ನುತ್ತಿದ್ದರು.